ಇಪ್ಪತ್ನಾಲ್ಕು ಎಡಗಾಲು

ಟರ್‌ಕ್. ಟರ್‌ಕ್. ಟರ್‌ಕ್.

ನೂರಜಹಾನಳ ದಿನದ ಸದ್ದು ಇದು. ಬಳ್ಳಾರಿಯ ಆ ಜೀನ್ಸ್ ಶೆಡ್ಡಿನಲ್ಲಿ ನಲವತ್ತು ಮಷಿನ್‌ಗಳು ಒಟ್ಟಿಗೆ ಓಡುತ್ತಿದ್ದರೂ ಅವಳದನ್ನು ಕಣ್ಣು ಮುಚ್ಚಿ ಗುರುತಿಸಬಹುದು. ಪ್ಯಾಂಟಿನ ಕಾಲು ಹೊಲಿಯುವವರ ಮಷಿನ್ ಸೊಂಟದಿಂದ ಪಾದದವರೆಗೆ ಒಂದೇ ಉಸಿರಿನಲ್ಲಿ ಓಡುತ್ತದೆ. ನೂರಜಹಾನಳದು ಓಡುವುದಿಲ್ಲ, ಬಿಕ್ಕುತ್ತದೆ. ಅವಳು ಲೂಪ್ ಹಚ್ಚುವವಳು. ಬೆಲ್ಟು ತೂರಿಸುವ ಪುಟ್ಟ ಪಟ್ಟಿಗಳು ಒಂದು ಪ್ಯಾಂಟಿಗೆ ಐದು. ಒಂದೊಂದಕ್ಕೂ ಮೇಲೊಂದು, ಕೆಳಗೊಂದು ಹೊಲಿಗೆ, ಬೆರಳಗಲದ್ದು. ಅಷ್ಟಾದ ಮೇಲೆ ಪ್ಯಾಂಟು ಮುಂದಿನವರ ಮಡಿಲಿಗೆ ಹೋಗುತ್ತದೆ.

ಹದಿನಾಲ್ಕು ವರ್ಷಗಳಿಂದ ಹೀಗೇ. ಎಷ್ಟು ಸಾವಿರ ಪ್ಯಾಂಟುಗಳು ಅವಳ ಕೈ ದಾಟಿ ಹೋಗಿವೆಯೋ. ಆದರೆ ಬಟ್ಟೆ ಕತ್ತರಿಸಿ, ಹೊಲಿದು, ಮಡಚಿ ಇಟ್ಟು, 'ಇದು ನಾನು ಮಾಡಿದ್ದು' ಎನ್ನಬಹುದಾದ ಒಂದೇ ಒಂದು ಪೂರ್ತಿ ಉಡುಪು ಅವಳಿಂದ ಆಗಿಲ್ಲ. ಈ ಸಂಗತಿ ಕುರುಗೋಡಿನ ಅವಳ ಓಣಿಯಲ್ಲಿ ಯಾರಿಗೂ ತಿಳಿಯದು. ದಿನಾ ಬೆಳಿಗ್ಗೆ ಬಳ್ಳಾರಿ ಬಸ್ಸಿಗೆ ಹೋಗಿ ಬಟ್ಟೆ ಹೊಲಿದು ಬರುತ್ತಾಳೆ. ಮನೆಯಲ್ಲಿ ತವರಿನಿಂದ ಬಂದ ತುಳಿಯುವ ಮಷಿನ್ ಬೇರೆ ಇದೆ. ಅಂದಮೇಲೆ ಟೇಲರ್ ಅಲ್ಲದೆ ಇನ್ನೇನು? ಆ ಮಷಿನ್ನಿನಲ್ಲಿ ಅವಳು ಹೊಲಿದದ್ದು ಹರಿದ ದಿಂಬಿನ ಚೀಲ, ಬಿಚ್ಚಿಹೋದ ಸೀರೆಯಂಚು, ಅಷ್ಟೇ. ಓಣಿಯವರು ಟೇಲರಮ್ಮ ಎಂದು ಕರೆದಾಗ ಮೊದಮೊದಲು ಬೇಡವೆನ್ನಬೇಕು ಅನಿಸುತ್ತಿತ್ತು. ಆಮೇಲೆ ಆ ಹೆಸರು ಅವಳಿಗೇ ಇಷ್ಟವಾಗಿಬಿಟ್ಟಿತು.

ಕುರುಗೋಡು ಬಸ್‌ಸ್ಟ್ಯಾಂಡಿನಲ್ಲಿ ದಿನಾ ಬೆಳಿಗ್ಗೆ ಒಂದು ನಿಮಿಷದ ಭೇಟಿ ನಡೆಯುತ್ತದೆ. ನೂರಜಹಾನ್ ಬಳ್ಳಾರಿಗೆ ಹೋಗುವ ಬಸ್ಸು ಹತ್ತುವ ಹೊತ್ತಿಗೇ ಬಳ್ಳಾರಿಯಿಂದ ಬಂದ ಬಸ್ಸಿನಿಂದ ಶಾಲೆಯ ಮುಖ್ಯೋಪಾಧ್ಯಾಯಿನಿ ಶೀಲಾ ಮೇಡಂ ಇಳಿಯುತ್ತಾರೆ. ಅವರ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. "ಅಸ್ಮಾ ಓದಾಕತ್ಯಾಳೇನ್ರಿ?" ಎಂದು ಇವಳು, "ಓದಿಗಿಂತ ಓಟಾನ ಜಾಸ್ತಿ" ಎಂದು ಅವರು. ಅಸ್ಮಾ ಅವಳ ಮಗಳು, ಏಳನೇ ತರಗತಿ, ಶಾಲೆಯ ಖೋ-ಖೋ ತಂಡದವಳು.

ಆ ಸೋಮವಾರ ಮೇಡಂ ಬಸ್ಸಿನಿಂದ ಇಳಿದವರೇ ಅವಳ ಕೈ ಹಿಡಿದುಕೊಂಡರು.

"ನೂರಜಾನಮ್ಮಾ, ಒಂದು ಕಷ್ಟ ಬಂದೈತಿ ನೋಡ್ರಿ. ಇವತ್ತಿಂದ ಸಾಲಿ ಸಪ್ತಾಹ. ಶುಕ್ರವಾರ ನಮ್ಮ ಹುಡುಗ್ಯಾರು ಸಿರುಗುಪ್ಪದಾಗ ಜಿಲ್ಲಾ ಮಟ್ಟಕ್ಕ ಆಡಬೇಕು. ದಾನಿಗಳು ಬಟ್ಟೆ ಕಳ್ಸ್ಯಾರ. ಟೀ ಶರ್ಟ್ ಸರಿ ಅದಾವ. ಪ್ಯಾಂಟ್ ಮಾತ್ರ ಎರಡನೇ ಕ್ಲಾಸಿನ ಮಕ್ಕಳ ಅಳತಿಯವು! ಒಂದೇ ಥರದ ಡ್ರೆಸ್ ಇಲ್ಲಂದ್ರ ಆಡಾಕ ಬಿಡಂಗಿಲ್ಲಂತ. ಹನ್ನೆರಡು ಟ್ರ್ಯಾಕ್ ಪ್ಯಾಂಟ್. ನಿಮ್ಮಂಥ ಟೇಲರ್ ಊರಾಗ ಇರೂವಾಗ ನಾ ಯಾಕ ಹೆದರಬೇಕು ಅಂತ..."

ಕಂಡಕ್ಟರ್ ಸೀಟಿ ಊದಿದ. ನಾನು ಲೂಪ್ ಹಚ್ಚುವವಳು ಮೇಡಂ ಎಂದು ಹೇಳಲು ಆ ಒಂದು ನಿಮಿಷ ಸಾಕಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ಆಗ್ಲಿ ಬಿಡ್ರಿ ಮೇಡಂ. ಮಾಡ್ತೀನಿ."

ಮಂಗಳವಾರ ಮೇಡಂ ಮರೂನ್ ಬಣ್ಣದ ಬಟ್ಟೆಯ ತಾನನ್ನು ಬಸ್‌ಸ್ಟ್ಯಾಂಡಿನಲ್ಲೇ ಅವಳ ಕೈಗಿಟ್ಟರು. ಒಂದು ಮುಖ ರೇಷ್ಮೆಯ ಹಾಗೆ ಮಿರಮಿರ ಮಿಂಚುವ, ಇನ್ನೊಂದು ಮುಖ ಮಂಕಾದ ಬಟ್ಟೆ. ಅಂಗಡಿಯಲ್ಲಿ ಆ ಬಣ್ಣದ್ದು ಇದ್ದುದೇ ಅಷ್ಟಂತೆ. ಶೆಡ್ಡಿನಲ್ಲಿ ಅಂದು ನೂರಜಹಾನಳ ಕೈ ಲೂಪಿನ ಮೇಲಿದ್ದರೂ ಕಣ್ಣು ಕಟಿಂಗ್ ಮಾಸ್ತರ್ ಕೊಟ್ಟೂರಪ್ಪನ ಉದ್ದ ಮೇಜಿನ ಮೇಲಿತ್ತು. ಅವನು ಬಟ್ಟೆಯನ್ನು ಪದರದ ಮೇಲೆ ಪದರ ಹಾಸುತ್ತಿದ್ದ. ಎಲ್ಲ ಪದರಗಳ ಮುಖವೂ ಮೇಲಕ್ಕೆ. ಅದರ ಮೇಲೆ ಆಕಾರ ಬರೆದ ಕಾಗದ ಇಟ್ಟು ಒಂದೇ ಏಟಿಗೆ ಕತ್ತರಿಸುತ್ತಿದ್ದ. ಓ, ಇಷ್ಟೇನಾ, ಎಂದುಕೊಂಡಳು. ಬಾಯಿಬಿಟ್ಟು ಕೇಳಿದರೆ ಅವನು ನಕ್ಕಾನು ಎಂಬ ಅಂಜಿಕೆ. ಹದಿನಾಲ್ಕು ವರ್ಷ ಮಷಿನ್ ಮುಂದೆ ಕೂತವಳು ಪ್ಯಾಂಟು ಕತ್ತರಿಸುವುದು ಹೇಗೆಂದು ಕೇಳುವುದೆಂದರೆ!

ಸಂಜೆ ಮನೆಗೆ ಬಂದು ಅಸ್ಮಾಳ ಹಳೆಯ ಟ್ರ್ಯಾಕ್ ಪ್ಯಾಂಟಿನ ಒಂದು ಕಾಲನ್ನು ಬಿಚ್ಚಿದಳು. ಒಂದು ಕಾಲಿಗೆ ಒಂದೇ ತುಂಡು ಬಟ್ಟೆ, ಸುತ್ತಿ ಒಳಬದಿಗೆ ಹೊಲಿದದ್ದು. ಸುಲಭ. ಅದನ್ನೇ ಅಳತೆಯಾಗಿಟ್ಟು, ತಂಡದಲ್ಲಿ ಎಲ್ಲರಿಗಿಂತ ಎತ್ತರದ ಹೇಮಾಳಿಗೂ ಆಗುವಂತೆ ನಾಲ್ಕು ಬೆರಳು ಹೆಚ್ಚು ಬಿಟ್ಟು, ಬಟ್ಟೆಯನ್ನು ಕೊಟ್ಟೂರಪ್ಪನ ಹಾಗೆಯೇ ಹಾಸಿದಳು. ಪದರದ ಮೇಲೆ ಪದರ, ಮಿಂಚುವ ಮುಖ ಮೇಲಕ್ಕೆ. ಅಸ್ಮಾ ಪಕ್ಕದಲ್ಲಿ ಕೂತು ಶಾಲೆಯ ಸುದ್ದಿ ಹೇಳುತ್ತಲೇ ಇದ್ದಳು. ಅಂದು ಮಕ್ಕಳ ಸಂತೆ ನಡೆದಿತ್ತು.

"ಮಾರೇಶ್ ಹೀರೇಕಾಯಿ ತಂದಿದ್ದ ಅಮ್ಮಾ. ಒಬ್ರೂ ತಗಳಲಿಲ್ಲ. ಕಡೀಗೆ ಬಿಸಿಯೂಟದ ಹಂಪಕ್ಕಾನ ಎಲ್ಲಾ ತಗಂಡ್ಲು. ನಾಳಿ ಸಾಂಬಾರಿಗೆ ಅದ ಬೀಳತೈತಿ, ನೋಡ್ಕೋ."

"ಮಾತು ಸಾಕು. ಆ ತುದಿ ಗಟ್ಟಿ ಹಿಡಿ."

ಕತ್ತಲಾಗುವ ಮೊದಲೇ ಇಪ್ಪತ್ನಾಲ್ಕು ತುಂಡುಗಳು ಸಿದ್ಧವಾದವು. ಗಂಡ ಮುಸ್ತಾಕ್ ಗಾರೆ ಕೆಲಸ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು, "ನಮ್ಮನ್ಯಾಗ ಫ್ಯಾಕ್ಟರಿ ಸುರು ಆತಲ್ಲೇ!" ಎಂದ. ಅವಳಿಗೆ ಒಳಗೊಳಗೇ ಹೆಮ್ಮೆ.

ಬುಧವಾರದಿಂದ ನಾಲ್ಕು ದಿನ ರಜೆ ಹಾಕಿದಳು. ವಾರದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮನೆಯಲ್ಲಿ ಕೂತದ್ದು ಅವಳಿಗೆ ಹೊಸತು. ಮನೆಯ ಹಿಂದೆಯೇ ಶಾಲೆಯ ಕಾಂಪೌಂಡು. ಇಷ್ಟು ವರ್ಷ ಇಲ್ಲಿದ್ದರೂ ಶಾಲೆಯ ಸದ್ದು ಹೇಗಿರುತ್ತದೆಂದು ಅವಳು ಕೇಳಿಯೇ ಇರಲಿಲ್ಲ. ಅಂದು ವಿಜ್ಞಾನ ಮಾದರಿಗಳ ಪ್ರದರ್ಶನ. ಮೈಕಿನಲ್ಲಿ ಒಂದು ಎಳೆಯ ದನಿ ಮಳೆ ಹೇಗೆ ಬರುತ್ತದೆಂದು ವಿವರಿಸಿ ಅರ್ಧಕ್ಕೆ ಮರೆತು ನಿಂತಿತು. ಶೀಲಾ ಮೇಡಂ ಮೆಲ್ಲಗೆ ಎತ್ತಿಕೊಟ್ಟರು. ದನಿ ಮತ್ತೆ ಮೋಡದವರೆಗೆ ಏರಿತು. ನೂರಜಹಾನ್ ಮಷಿನ್ ತುಳಿದಳು. ಅದರ ಸದ್ದು ಉದ್ದಕ್ಕೆ ಹೋಯಿತು, ಮೊಣಕಾಲು ದಾಟಿ, ತೊಡೆ ದಾಟಿ. ಬಿಕ್ಕಲಿಲ್ಲ. ಅವಳು ಒಂದು ಗಳಿಗೆ ನಿಲ್ಲಿಸಿ, ಸದ್ದನ್ನು ಮತ್ತೆ ಕೇಳುವುದಕ್ಕೆಂದೇ ಇನ್ನೊಂದು ಕಾಲು ಎತ್ತಿಕೊಂಡಳು.

ಶೆಡ್ಡಿನ ರೂಢಿ ಕೈ ಬಿಡುವುದಿಲ್ಲ. ಒಂದು ಪ್ಯಾಂಟು ಪೂರ್ತಿ ಮಾಡಿ ಇನ್ನೊಂದಕ್ಕೆ ಹೋಗಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಇಪ್ಪತ್ನಾಲ್ಕೂ ಕಾಲುಗಳ ಒಳಬದಿಯನ್ನು ಮೊದಲು ಹೊಲಿದಳು. ಅದೂ ಜೀನ್ಸಿನ ಹೊಲಿಗೆ: ಬಟ್ಟೆಯ ಅಂಚುಗಳನ್ನು ಒಂದರೊಳಗೊಂದು ಮಡಚಿ ಮುಚ್ಚಿ, ಮೇಲೆ ಜೋಡಿ ಸಾಲು. ಒಳಗೆ ನೋಡಿದರೂ ಹೊರಗೆ ನೋಡಿದರೂ ಒಂದು ನೂಲಿನ ಎಳೆ ಇಣುಕುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಂಚದ ಮೇಲೆ ಇಪ್ಪತ್ನಾಲ್ಕು ಮರೂನ್ ಕೊಳವೆಗಳು ಸಾಲಾಗಿ ಮಲಗಿದ್ದವು.

ಆಮೇಲೆ ಎರಡು ಕಾಲುಗಳನ್ನು ಜೋಡಿಸಲು ಕೂತಳು. ಜೋಡಲಿಲ್ಲ. ಒಂದರ ಅಂಚು ಇನ್ನೊಂದರ ಅಂಚಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ಬೇರೆ ಎರಡು ತೆಗೆದುಕೊಂಡಳು. ಹಾಗೇ. ಎಳೆದು ಹಿಡಿದು ಹೊಲಿದೇಬಿಟ್ಟಳು. ಊಟದ ಬಿಡುವಿನಲ್ಲಿ ಓಡಿಬಂದ ಅಸ್ಮಾ ಅದನ್ನು ಹಾಕಿಕೊಂಡು ಎರಡು ಹೆಜ್ಜೆ ಇಟ್ಟಳು.

"ಅಮ್ಮಾ, ಒಂದು ಕಾಲು ಮುಂದಕ್ಕ ಹೋಗತೈತಿ, ಇನ್ನೊಂದು ಹಿಂದಕ್ಕ ಜಗ್ಗತೈತಿ."

ಮಗಳು ಶಾಲೆಗೆ ಮರಳಿದ ಮೇಲೆ ಅವಳು ಕೊಟ್ಟೂರಪ್ಪನಿಗೆ ಫೋನ್ ಮಾಡಿದಳು. ಆಚೆ ಶೆಡ್ಡಿನ ಸದ್ದು. ಸಂಗತಿಯೆಲ್ಲ ಕೇಳಿ ಅವನು ಕೇಳಿದ, "ಕಾಗದದ ಮ್ಯಾಲ ಎಡಗಾಲು, ಬಲಗಾಲು ಎರಡೂ ಬರಕೊಂಡಿದ್ದಿ ಹೌದಿಲ್ಲೋ?"

"ಎರಡೂನಾ? ಒಂದು ಕಾಲು ಇಟ್ಟು ಅದರ ಸುತ್ತ ಸೀಮೆಸುಣ್ಣ ಎಳದೆ ಅಣ್ಣಾ."

"ಬಟ್ಟಿ ಮಡಚಿದ್ದೇನು, ಮುಖಕ್ಕ ಮುಖ ಮಾಡಿ?"

"ಇಲ್ಲ. ನೀ ಹಾಸಿದಂಗ ಹಾಸಿದೆ. ಎಲ್ಲಾ ಮ್ಯಾಲ ಮುಖ."

ಕೊಟ್ಟೂರಪ್ಪ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

"ನನ್ನ ಕಾಗದದಾಗ ಎರಡೂ ಕಾಲು ಜೋಡಿ ಇರತಾವವ್ವಾ. ಅದಕ್ಕ ಹಂಗ ಹಾಸ್ತೀನಿ. ನೀ ಕತ್ತರಿಸಿದ್ದು ಇಪ್ಪತ್ನಾಲ್ಕು ಎಡಗಾಲು."

ಅವಳು ಮಂಚದ ಕಡೆ ನೋಡಿದಳು. ಬಟ್ಟೆ ಮುಗಿದಿದೆ. ಅಂಗಡಿಯಲ್ಲೂ ಇಲ್ಲ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಟೆಂಪೋ ಬರುತ್ತದೆ. ಹನ್ನೆರಡು ಹುಡುಗಿಯರು ಹತ್ತಿ ಕೂರುತ್ತಾರೆ, ಇಲ್ಲವೇ ಅವಳ ಒಂದು ಜಂಬದ ಮಾತಿನಿಂದಾಗಿ ಕೂರುವುದಿಲ್ಲ. ಅಸ್ಮಾ ತಾಲೂಕು ಗೆದ್ದ ದಿನ ಮೊಣಕೈ ತರಚಿಕೊಂಡು ಬಂದು, ಗಾಯ ತೊಳೆಯಲೂ ಬಿಡದೆ ಆಟದ ಕತೆ ಹೇಳಿದ್ದಳು. ಈಗ ಅವಳಿಗೆ ಏನೆಂದು ಹೇಳುವುದು?

ಗುರುವಾರ ಬೆಳಿಗ್ಗೆ ನೂರಜಹಾನ್ ಮೇಡಂಗೆ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಳು. ಜೋಡಿಸಿದ್ದ ಎರಡನ್ನು ಬಿಚ್ಚಿ, ಇಪ್ಪತ್ನಾಲ್ಕು ಕೊಳವೆಗಳನ್ನೂ ಹಳೆಯ ಓಢಣಿಯಲ್ಲಿ ಗಂಟು ಕಟ್ಟಿ ಕಂಕುಳಲ್ಲಿಟ್ಟುಕೊಂಡು ಶಾಲೆಗೆ ನಡೆದಳು. ಒಳಗಿನ ಹಾಲಿನಲ್ಲಿ ಹಾಡಿನ ಸ್ಪರ್ಧೆಗೆ ಮಕ್ಕಳು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಡುಗೆ ಕೋಣೆಯ ಬಾಗಿಲಲ್ಲಿ ಹಂಪಕ್ಕ ಸೌಟು ಹಿಡಿದೇ ನಿಂತಿದ್ದಳು. ಹತ್ತು ವರ್ಷದಿಂದ ಶಾಲೆಯ ಬಿಸಿಯೂಟ ಬೇಯಿಸುವವಳು. ಹೇಮಾ ಇವಳ ಮಗಳು. ಇವರ ಮನೆ ನೂರಜಹಾನಳ ಮನೆಯ ಪಕ್ಕದಲ್ಲೇ.

"ಏನವಾ ಟೇಲರಮ್ಮಾ, ಮುಖ ಯಾಕ ಹುಳಿ ಮಜ್ಜಿಗಿ ಆಗೈತಿ? ಗಂಟಿನಾಗ ಏನೈತಿ, ನನ್ನ ಮಗಳ ಪ್ಯಾಂಟಾ?"

"ಅರ್ಧ ಪ್ಯಾಂಟಕ್ಕಾ."

"ಅಂದ್ರ? ಚಡ್ಡೀನಾ?"

ನೂರಜಹಾನ್ ಮೇಡಂ ಅವರನ್ನು ಹುಡುಕುತ್ತ ಮೈದಾನದ ಕಡೆ ಹೋದಳು. ಪಿ.ಟಿ. ಮಾಸ್ತರು ಭೀಮರಾಜ ಸರ್ ಹುಡುಗಿಯರಿಗೆ ಕೊನೆಯ ಅಭ್ಯಾಸ ಮಾಡಿಸುತ್ತಿದ್ದರು. ಎರಡು ಕಂಬಗಳ ನಡುವೆ ಎಂಟು ಜನ ಸಾಲಾಗಿ ಕುಕ್ಕುರು ಕೂತಿದ್ದರು. ಒಬ್ಬಳ ಮುಖ ಶಾಲೆಯ ಕಡೆ, ಪಕ್ಕದವಳ ಮುಖ ಕಾಂಪೌಂಡಿನ ಕಡೆ, ಅದರ ಪಕ್ಕದವಳದು ಮತ್ತೆ ಶಾಲೆಯ ಕಡೆ. ಅಟ್ಟಿಸಿಕೊಂಡು ಹೋಗುತ್ತಿದ್ದ ಹೇಮಾ ಅಸ್ಮಾಳ ಬೆನ್ನು ಮುಟ್ಟಿ "ಖೋ!" ಎಂದಳು. ಅಸ್ಮಾ ಚಿಮ್ಮಿದಳು, ಅವಳ ಜಾಗದಲ್ಲಿ ಹೇಮಾ ಕೂತಳು.

"ನಿಲ್ರಿ, ನಿಲ್ರಿ!" ಭೀಮರಾಜ ಸರ್ ಸೀಟಿ ಊದಿದರು. "ಲೇ ಶಬಾನಾ! ಬಾಜೂದಾಕಿ ಮುಖ ಎಲ್ಲೈತಿ, ನಿನ್ನ ಮುಖ ಎಲ್ಲೈತಿ? ಇಬ್ರೂ ಒಂದ ಕಡೆ ಕುಂತ್ರ ಆಟ ಆದಂಗ ಆತು! ತಿರುಗು. ಮ್ಯಾಕ ಏಳಬ್ಯಾಡ, ಇದ್ದಲ್ಲೇ ತಿರುಗು."

ತಂಡದಲ್ಲೆಲ್ಲ ಚಿಕ್ಕವಳಾದ ಶಬಾನಾ ನಾಲಿಗೆ ಕಚ್ಚಿಕೊಂಡು ಇದ್ದಲ್ಲೇ ತಿರುಗಿ ಕೂತಳು.

ನೂರಜಹಾನ್ ಬೇವಿನ ಮರದ ಕೆಳಗೆ ನಿಂತೇ ಇದ್ದಳು. ಗಂಟು ಬಿಚ್ಚಿ ಒಂದು ಕೊಳವೆ ತೆಗೆದಳು. ಒಳಗೆ ಕೈ ತೂರಿಸಿ, ತುದಿ ಹಿಡಿದು, ದಿಂಬಿನ ಚೀಲ ತಿರುವುವಂತೆ ಒಳಗಿನದನ್ನು ಹೊರಗೆ ತಿರುವಿದಳು. ಇನ್ನೊಂದರ ಪಕ್ಕ ಇಟ್ಟು ನೋಡಿದಳು. ಅಂಚಿಗೆ ಅಂಚು ಕೂತಿತು. ಎಡಗಾಲು ಬಲಗಾಲಾಗಿತ್ತು. ಒಂದೇ ವ್ಯತ್ಯಾಸವೆಂದರೆ ತಿರುವದ ಕಾಲು ಮಿಂಚುತ್ತಿತ್ತು. ತಿರುವಿದ ಕಾಲು ಮಂಕು. ಹೊಲಿಗೆ ಮಾತ್ರ ಎರಡರಲ್ಲೂ ಒಂದೇ ಚಂದ. ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ಅದು ಬಿಟ್ಟುಕೊಡಲಿಲ್ಲ.

ಭೀಮರಾಜ ಸರ್ ಅವಳನ್ನು ಕಂಡು ಕೂಗಿದರು. "ಏನ್ರಿ ನೂರಜಾನಮ್ಮಾ, ಪ್ಯಾಂಟ್ ಆದುವೇನು?"

"ನಾಳಿ ಬೆಳಿಗ್ಗಿ ಟೆಂಪೋದಾಗ ಇರತಾವ ಸರ್!" ಎಂದು ಹೇಳುತ್ತಲೇ ಅವಳು ಮನೆಯ ಕಡೆ ಓಡಿದಳು. ಹೇಳಬೇಕೆಂದು ಬಂದ ಮಾತು ಬೇವಿನ ಮರದ ಕೆಳಗೇ ಉಳಿಯಿತು.

ಹನ್ನೆರಡು ಕೊಳವೆಗಳನ್ನು ತಿರುವಿದ್ದು ಅಸ್ಮಾ ಮತ್ತು ಹೇಮಾ. ಸೊಂಟಕ್ಕೆ ಎಲಾಸ್ಟಿಕ್ ತೂರಿಸಿದ್ದು ಹಂಪಕ್ಕ, ಪಾತ್ರೆ ತೊಳೆದು ಬಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು. ಸಂಜೆ ಬಿಸಿಲು ಬಾಗಿಲಿನಿಂದ ಹಿಂದೆ ಸರಿಯುವ ಹೊತ್ತಿಗೆ ಕೊನೆಯ ಪ್ಯಾಂಟಿನ ದಾರ ಕತ್ತರಿಸಿದಳು ನೂರಜಹಾನ್. ಅದನ್ನು ಮಡಚಿದಳು. ಮತ್ತೆ ಬಿಚ್ಚಿ ನೋಡಿದಳು. ಮತ್ತೆ ಮಡಚಿದಳು.

ಸಿರುಗುಪ್ಪದ ಮೈದಾನದಲ್ಲಿ ಶುಕ್ರವಾರ ಬಣ್ಣಬಣ್ಣದ ತಂಡಗಳು ಇಳಿದವು. ಹುಡುಗಿಯರ ಜೊತೆಗೆ ಹೆಂಗಸೊಬ್ಬಳು ಇರಲೆಂದು ನೂರಜಹಾನಳೂ ಹೋಗಿದ್ದಳು. ಅವಳ ಅಪ್ಪ ದಾವಲಸಾಬ್ ಮೊಮ್ಮಗಳ ಆಟ ನೋಡಲು ಕರೂರಿನಿಂದ ಬಸ್ಸಿನಲ್ಲಿ ಬಂದು, ತಲೆಗೆ ಟವೆಲ್ ಸುತ್ತಿಕೊಂಡು ಗೆರೆಯ ಹತ್ತಿರವೇ ಕೂತಿದ್ದರು. ಭತ್ತದ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ದುಡಿದ ಮುದುಕ. ಮಗಳಾದರೂ ಬಗ್ಗಿ ದುಡಿಯುವುದು ಬೇಡವೆಂದು ಮದುವೆಯಲ್ಲಿ ಆ ಮಷಿನ್ ಕೊಟ್ಟವರು ಅವರೇ.

ಪಕ್ಕದ ತಂಡದ ಹುಡುಗಿಯರು ನಗಲು ತಡಮಾಡಲಿಲ್ಲ. "ನೋಡ್ರೇ, ಒಂದು ಕಾಲು ಒಗದಾರ, ಇನ್ನೊಂದು ಕಾಲು ನಾಳಿ ಒಗೀತಾರಂತ!"

"ನೀವು ಹಿಂದ ಓಡಿ ಬರ್ರಿ, ಎರಡೂ ಕಾಲು ಕಾಣತಾವ," ಎಂದಳು ಹೇಮಾ.

ಅಂಪೈರ್ ಒಬ್ಬರು ಕೈಯಲ್ಲಿ ಪಟ್ಟಿ ಹಿಡಿದು ಸಾಲಿನ ಮುಂದೆ ನಿಂತಾಗ ನೂರಜಹಾನ್ ಗೆರೆಯ ಹತ್ತಿರಕ್ಕೆ ಸರಿದಳು. ಅವರು ಪ್ಯಾಂಟುಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ಕೊನೆಯವರೆಗೆ ಹೋಗಿ ತಿರುಗಿ ಬಂದರು.

"ಇದೇನ್ರಿ ಮಾಸ್ತರ್ರೇ, ಎರಡು ಬಣ್ಣ?"

"ಹನ್ನೆರಡೂ ಒಂದೇ ಥರ ಅದಾವಲ್ರಿ ಸರ್," ಎಂದರು ಭೀಮರಾಜ ಸರ್. "ಎಲ್ಲಾರದೂ ಎಡಗಾಲು ಮಿಂಚು, ಬಲಗಾಲು ಮಂಕು. ಒಂದರಾಗ ಫರಕು ತೋರಸ್ರಿ, ನಾವ ಟೆಂಪೋ ಹತ್ತತೀವಿ."

ಅಂಪೈರ್ ಇನ್ನೊಮ್ಮೆ ಸಾಲು ನೋಡಿದರು. ಫರಕು ಸಿಗಲಿಲ್ಲ. "ಆಡ್ರಿ," ಎಂದರು.

ಮೊದಲ ಪಂದ್ಯ ಗೆದ್ದರು. ಎರಡನೆಯದರಲ್ಲಿ ಎದುರಾಳಿ ತಂಡದ ಹುಡುಗಿ ನೆಲಕ್ಕೆ ಹಾರಿದಾಗ ಅವಳ ಹೊಸ ಪ್ಯಾಂಟು ತೊಡೆಯ ಹತ್ತಿರ ಬಿರಿಯಿತು. ಆಟ ನಿಂತಾಗ ನೂರಜಹಾನಳೇ ಓಡಿಹೋಗಿ, ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿಯಿಂದ ನಾಲ್ಕು ಹೊಲಿಗೆ ಹಾಕಿಕೊಟ್ಟಳು. ಕುರುಗೋಡಿನ ಹನ್ನೆರಡರಲ್ಲಿ ಒಂದೂ ಬಿರಿಯಲಿಲ್ಲ. ಅಸ್ಮಾ ಮೂರು ಸಲ ಮಣ್ಣಿನ ಮೇಲೆ ಹೊಟ್ಟೆಯಲ್ಲಿ ಜಾರಿದಳು. ಫೈನಲ್ಲಿನಲ್ಲಿ ಮಾತ್ರ ಎರಡು ಅಂಕದಿಂದ ಸೋತರು. ಶಬಾನಾ ಅತ್ತಳು. ದಾವಲಸಾಬ್ ಅವಳಿಗೆ ಟವೆಲ್ಲಿನ ತುದಿ ಕೊಟ್ಟು, "ಜಿಲ್ಲಾದಾಗ ಎರಡನೇದಾಕಿ ಅಳತಾಳೇನ ಬೇಟಾ? ನಾ ಇಡೀ ಜಿಲ್ಲಾನ ನೋಡಿಲ್ಲ," ಎಂದರು. ಅವಳು ಅಳುತ್ತಲೇ ನಕ್ಕಳು.

ಶನಿವಾರ ಸಪ್ತಾಹದ ಸಮಾರೋಪ. ಶಾಲೆಯ ಅಂಗಳದಲ್ಲಿ ಶಾಮಿಯಾನ. ಹಾಡಿದವರು, ಮಳೆಯ ಮಾದರಿ ಮಾಡಿದವಳು, ಸಂತೆಯಲ್ಲಿ ಹೀರೇಕಾಯಿ ಮಾರಿದ ಮಾರೇಶ್ ಕೂಡ ವೇದಿಕೆ ಹತ್ತಿ ಇಳಿದರು. ಖೋ-ಖೋ ಹುಡುಗಿಯರು ಅದೇ ಪ್ಯಾಂಟು ತೊಟ್ಟು ಬಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಆಗ ಶೀಲಾ ಮೇಡಂ ಮೈಕಿನಲ್ಲಿ ಹೇಳಿದರು: "ನಮ್ಮ ತಂಡಕ್ಕೆ ಹೊಸ ಡಿಸೈನ್ ಮಾಡಿಕೊಟ್ಟ ಟೇಲರ್ ನೂರಜಹಾನ್ ಅವರು ವೇದಿಕೆಗೆ ಬರಬೇಕು."

ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹಂಪಕ್ಕ ಪಕ್ಕೆಗೆ ತಿವಿದ ಮೇಲೆ ಎದ್ದಳು. ಶಾಲು ಹೊದಿಸಿದರು. ಎದುರಿಗೆ ಇಡೀ ಓಣಿಯೇ ಕೂತಿತ್ತು. ಅಸ್ಮಾ ಅವಳನ್ನೇ ನೋಡುತ್ತಿದ್ದಳು. ಇಷ್ಟಕ್ಕೇ ಇಳಿದು ಹೋಗಬಹುದಿತ್ತು. ನೂರಜಹಾನ್ ಮೈಕಿನ ಹತ್ತಿರ ಬಾಗಿದಳು.

"ಡಿಸೈನ್ ಅಲ್ಲ ಮೇಡಂ," ಎಂದಳು. ಮೈಕು ಕಿಂಯ್ ಎಂದಿತು. ಅವಳು ಸ್ವಲ್ಪ ಹಿಂದೆ ಸರಿದಳು. "ತಪ್ಪಾತು. ನಾ ಬಳ್ಳಾರಿಯಾಗ ಲೂಪ್ ಹಚ್ಚಾಕಿ. ಪೂರ್ತಿ ಪ್ಯಾಂಟು ಯಾವತ್ತೂ ಹೊಲಿದಿಲ್ಲ. ಇಪ್ಪತ್ನಾಲ್ಕೂ ಎಡಗಾಲು ಕತ್ತರಿಸಿಬಿಟ್ಟೆ. ಹುಡುಗ್ಯಾರು ಕುಂತಿದ್ದು ನೋಡಿ ಅರ್ಧ ತಿರುವಿದೆ. ಅಷ್ಟ."

ಮೊದಲು ನಕ್ಕದ್ದು ಮುಸ್ತಾಕ್. ಆಮೇಲೆ ಶಾಮಿಯಾನವೇ ನಕ್ಕಿತು. ಶೀಲಾ ಮೇಡಂ ಕಣ್ಣೊರೆಸಿಕೊಳ್ಳುತ್ತ ಮೈಕು ಎಳೆದುಕೊಂಡು, "ಆದರೆ ಒಂದೂ ಹರಿಯಲಿಲ್ಲ," ಎಂದರು. ಚಪ್ಪಾಳೆ ಈ ಸಲ ಬೇರೆ ಥರ ಬಿತ್ತು.

ಪಾಯಸ ಬಡಿಸುವಾಗ ಹಂಪಕ್ಕ ಅವಳನ್ನು ಅಡುಗೆ ಕೋಣೆಯ ಕಟ್ಟೆಗೆ ಕೂರಿಸಿಕೊಂಡಳು.

"ಹತ್ತು ವರ್ಷದಿಂದ ಬಾಜೂಕ ಅದೀನಿ. ನನಗರ ಹೇಳಬಾರದಿತ್ತೇನ, ಕಳ್ಳಿ?"

"ನೀ ಟೇಲರಮ್ಮಾ ಅಂತಿದ್ದಿ. ಕೇಳಾಕ ಛಲೋ ಇತ್ತಕ್ಕಾ."

"ಈಗ ಏನಂತ ಕರೀಲಿ? ಲೂಪಮ್ಮಾ ಅನ್ನಲಾ?" ಹಂಪಕ್ಕ ನಕ್ಕು, ಅವಳ ಬಟ್ಟಲಿಗೆ ಇನ್ನೊಂದು ಸೌಟು ಪಾಯಸ ಸುರಿದಳು. "ಇರಲಿ. ಸೋಮವಾರ ಒಂದಿನ ರಜಾ ಹಾಕು. ಹೊಸ ಸೀರಿಗೆ ನಂಗೊಂದು ಜಾಕೀಟು ಹೊಲಿದು ಕೊಡು. ಎರಡೂ ತೋಳು ಎಡಗಡೆದು ಆದ್ರೂ ಚಿಂತಿಲ್ಲ."

"ಸೋಮವಾರ ಆಗಂಗಿಲ್ಲ. ಕೊಟ್ಟೂರಪ್ಪಣ್ಣಗ ನಿನ್ನೆ ಫೋನ್ ಮಾಡಿದ್ದೆ. ದಿನಾ ಊಟದ ಹೊತ್ನ್ಯಾಗ ತನ್ನ ಮೇಜಿನ ಹತ್ರ ನಿಂದ್ರು, ಕಲಿಸ್ತೀನಿ ಅಂದಾನ. ಮೊದಲು ಕಾಗದದ ಮ್ಯಾಲ ಬರಿಯಾದು, ಆಮ್ಯಾಲ..."

ಅವಳ ಮಾತು ಅಲ್ಲೇ ನಿಂತಿತು. ಅಂಗಳದ ಆ ತುದಿಯಲ್ಲಿ ಶಬಾನಾ ಪಾಯಸದ ಬಟ್ಟಲು ಹಿಡಿದು ಹೋಗುತ್ತಿದ್ದಳು. ಹೇಮಾಳ ಅಳತೆಯ ಪ್ಯಾಂಟನ್ನು ಅವಳಿಗೆಂದು ಮಡಚಿ ಹೊಲಿದಿದ್ದ ಮಂಕು ಕಾಲಿನ ಅಂಚು ಬಿಚ್ಚಿ ಹಿಮ್ಮಡಿಯ ಕೆಳಗೆ ಎಳೆದಾಡುತ್ತಿತ್ತು.

"ಹಂಗಾರ ಜಾಕೀಟು ಯಾವಾಗ?" ಎಂದಳು ಹಂಪಕ್ಕ. "ದಸರಾಕರ ಕೊಡ್ತೀಯಿಲ್ಲ? ಬಟ್ಟಿ ತಂದು ಇಟ್ಟೀನಿ, ಹಸಿರು ಬಣ್ಣದ್ದು, ಅಂಚಿಗೆ..."

ನೂರಜಹಾನ್ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಸೂಜಿ ಕೀಳುತ್ತ, ಆಗಲೇ ಅಂಗಳ ದಾಟುತ್ತಿದ್ದಳು.